ಸೆಲ್ ಟರ್ಮಿನಲ್‌ನ ವೆಲ್ಡ್ ಗಟ್ಟಿ ಇದೆಯೋ ಇಲ್ಲವೋ ಅಂತ ಹೇಗೆ ಪತ್ತೆ ಮಾಡೋದು?

ನೀವು ಕೇಳಿದ್ದು ಇಷ್ಟು. 280 ಆಂಪ್ ಅವರ್‌ನ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಸೇರಿಸಿ ಮನೆಗೆ ಬ್ಯಾಟರಿ ಕಟ್ಟುತ್ತಿದ್ದೀರಿ. ಟರ್ಮಿನಲ್ ಮೇಲೆ ಸ್ಟಡ್ (ನಟ್ ಹಾಕಲು ಥ್ರೆಡ್ ಇರುವ ಗಿಡ್ಡ ಕಡ್ಡಿ) ಲೇಸರ್‌ನಲ್ಲಿ ವೆಲ್ಡ್ ಮಾಡಿ ಕೊಟ್ಟಿದ್ದಾರೆ. ನಟ್ ಬಿಗಿ ಮಾಡುವಾಗ ಒಂದು ಸ್ಟಡ್ ಬುಡಸಮೇತ ಕಿತ್ತು ಕೈಗೆ ಬಂತು. ಇನ್ನೊಂದು ಸೆಲ್, 100 ಆಂಪ್ ಲೋಡ್ ಹಾಕಿದಾಗ, ಉಳಿದವಕ್ಕಿಂತ 60 ಮಿಲಿವೋಲ್ಟ್ ಕಡಿಮೆ ತೋರಿಸುತ್ತಿದೆ. ಕಿತ್ತು ಬಂದದ್ದನ್ನು ಮತ್ತೆ ಕೂರಿಸಬಹುದಾ, ಉಳಿದ ವೆಲ್ಡ್‌ಗಳನ್ನು ನಂಬಬಹುದಾ?

ಕಿತ್ತು ಬಂದ ಸೆಲ್ ಪಕ್ಕಕ್ಕಿಡಿ, ಅದರ ವಿಷಯ ಆಮೇಲೆ. ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ್ದು ಎರಡನೆಯದರ ಬಗ್ಗೆ. ಕಿತ್ತು ಬಂದ ವೆಲ್ಡ್ ಕಣ್ಣಿಗೆ ಕಾಣುತ್ತದೆ. ಅರ್ಧಂಬರ್ಧ ಹಿಡಿದುಕೊಂಡಿರುವ ವೆಲ್ಡ್ ಸುಮ್ನೆ ಕೂತಿರುತ್ತದೆ. ಸೆಲ್‌ಗೆ ಮೀಟರ್ ಹಿಡಿದರೆ 3.3 ವೋಲ್ಟ್ ಅಂತ ಚೆನ್ನಾಗಿಯೇ ತೋರಿಸುತ್ತದೆ, ಯಾಕಂದ್ರೆ ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಇಳಿಯುವುದೇ ಇಲ್ಲ. ಹಾಗಾಗಿ ವೆಲ್ಡ್ ಪರೀಕ್ಷೆ ಅಂದರೆ ಕರೆಂಟ್ ಹರಿಸಿಯೇ ಮಾಡಬೇಕು.

ಮೊದಲು ಒಂದು ಸುಲಭದ ಕೆಲಸ. ಬ್ಯಾಟರಿ ಅರ್ಧದಷ್ಟು ಚಾರ್ಜ್ ಇರುವಾಗ ಮೂರು ಸಲ ಬಿಎಂಎಸ್ (ಪ್ರತಿ ಸೆಲ್‌ನ ವೋಲ್ಟೇಜ್ ಮೇಲೆ ಕಣ್ಣಿಡುವ ಬೋರ್ಡ್) ನೋಡಿ: ಲೋಡ್ ಇಲ್ಲದೆ, ಲೋಡ್ ಹಾಕಿ, ಮತ್ತೆ ಚಾರ್ಜ್ ಆಗುವಾಗ. ಅರ್ಧ ಚಾರ್ಜ್ ಯಾಕೆ ಅಂದರೆ, ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚುಕಡಿಮೆ ಸಮತಟ್ಟು. ಸೆಲ್‌ಗಳ ಚಾರ್ಜ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಅಲ್ಲಿ ಗೊತ್ತಾಗುವುದಿಲ್ಲ, ಕಾಣುವ ವ್ಯತ್ಯಾಸ ಬಹುಪಾಲು ರೆಸಿಸ್ಟೆನ್ಸ್‌ನದ್ದೇ. ಲೋಡ್ ಇಲ್ಲದಾಗ ಎಲ್ಲವೂ ಸಮ, 100 ಆಂಪ್ ಎಳೆದಾಗ ಆ ಸೆಲ್ 60 ಮಿಲಿವೋಲ್ಟ್ ಕೆಳಗೆ, 50 ಆಂಪ್‌ನಲ್ಲಿ ಚಾರ್ಜ್ ಮಾಡಿದಾಗ ಅದೇ ಸೆಲ್ ಸುಮಾರು 30 ಮಿಲಿವೋಲ್ಟ್ ಮೇಲೆ. ಹೀಗೆ ಕರೆಂಟ್ ತಿರುಗಿದಂತೆ ವ್ಯತ್ಯಾಸವೂ ತಿರುಗಿದರೆ, ದಾರಿಯಲ್ಲಿ ಎಲ್ಲೋ ತಡೆ ಇದೆ ಅಂತಲೇ ಅರ್ಥ. ಕೆಪಾಸಿಟಿ ಕಡಿಮೆ ಇರುವ ಸೆಲ್ ಹೀಗೆ ಆಡುವುದಿಲ್ಲ. ಅದು ಮಧ್ಯದಲ್ಲಿ ಸುಮ್ಮನಿದ್ದು, ಖಾಲಿಯಾಗುವ ಹೊತ್ತಿಗೆ ಎಲ್ಲರಿಗಿಂತ ಮೊದಲು ಕುಸಿಯುತ್ತದೆ.

ಈಗ ಲೆಕ್ಕ ಹಾಕಿ. 60 ಮಿಲಿವೋಲ್ಟ್ ಭಾಗಿಸು 100 ಆಂಪ್, ಅಂದರೆ 0.6 ಮಿಲಿಓಮ್. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಈ ಗಾತ್ರದ ಸೆಲ್‌ನ ಇಡೀ ಒಳ ರೆಸಿಸ್ಟೆನ್ಸೇ ಸಾಮಾನ್ಯವಾಗಿ ಕಾಲು ಮಿಲಿಓಮ್ ಆಸುಪಾಸು. ಅಂದರೆ ಒಂದು ಪುಟ್ಟ ಜಾಗ, ಇಡೀ ಸೆಲ್‌ಗಿಂತ ಎರಡು ಪಟ್ಟು ಜಾಸ್ತಿ ತಡೆ ಒಡ್ಡುತ್ತಿದೆ. ಶಾಖ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ: 100 ಆಂಪ್‌ನಲ್ಲಿ 6 ವ್ಯಾಟ್, 200 ಆಂಪ್‌ನಲ್ಲಿ 24 ವ್ಯಾಟ್. ಚಿಕ್ಕ ಸೋಲ್ಡರಿಂಗ್ ಐರನ್ ಒಂದು ಕಾಯುವುದು ಅಷ್ಟರಲ್ಲೇ. ಅದರ ಕೆಳಗೇ ಟರ್ಮಿನಲ್‌ನ ಪ್ಲಾಸ್ಟಿಕ್ ಸೀಲ್ ಇದೆ.

ಆದರೆ ಇಷ್ಟಕ್ಕೇ ವೆಲ್ಡ್ ಮೇಲೆ ಗೂಬೆ ಕೂರಿಸಬೇಡಿ. ಬಿಎಂಎಸ್‌ನ ಸೆನ್ಸ್ ವೈರ್ ಎಲ್ಲಿಂದ ಎಲ್ಲಿಗೆ ಅಳೆಯುತ್ತದೋ, ನಡುವೆ ಬರುವುದೆಲ್ಲ ಆ 60 ಮಿಲಿವೋಲ್ಟ್‌ನಲ್ಲಿ ಸೇರಿರುತ್ತದೆ. ಬಸ್‌ಬಾರ್ (ಸೆಲ್‌ನಿಂದ ಸೆಲ್‌ಗೆ ಕರೆಂಟ್ ಒಯ್ಯುವ ಲೋಹದ ಪಟ್ಟಿ), ನಟ್ ಕೆಳಗಿನ ಸಂಪರ್ಕ, ವೆಲ್ಡ್, ಸೆಲ್, ಎಲ್ಲವೂ. ಸೆಲ್‌ಗಳನ್ನು ಎರಡು ಸಾಲಾಗಿ ಇಟ್ಟು ಆ ಸಾಲುಗಳ ನಡುವೆ ಉದ್ದದ ಕೇಬಲ್ ಕೊಟ್ಟಿದ್ದರೆ, ಅದರ ಪಕ್ಕದ ಸೆಲ್ ಪಾಪ ಯಾವಾಗಲೂ ಕೆಟ್ಟ ಸೆಲ್‌ನಂತೆ ಕಾಣುತ್ತದೆ.

ಆದ್ದರಿಂದ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಹಾಕಿ. ಕೆಂಪು ಪ್ರೋಬ್ ಆಂಪ್ ಅಳೆಯುವ ತೂತಿನಲ್ಲಿ ಇಲ್ಲ ಅಂತ ಇನ್ನೊಮ್ಮೆ ನೋಡಿಕೊಳ್ಳಿ, ಅದೊಂದು ತಪ್ಪಿ ಪ್ರೋಬ್‌ಗಳು ಸೆಲ್‌ನ ಎರಡೂ ಟರ್ಮಿನಲ್‌ಗೆ ತಾಗಿದರೆ ಸೆಲ್ ಶಾರ್ಟ್ ಆಗುತ್ತದೆ. 100 ಆಂಪ್ ಹರಿಯುತ್ತಿರಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಥ ಸೆಲ್‌ಗಳಲ್ಲಿ ಕರೆಂಟ್ ಹೆಚ್ಚಾಗಿ ಹೋಗುವುದು ಸ್ಟಡ್‌ನ ಬುಡದ ತಟ್ಟೆಯಿಂದ ನೇರ ಬಸ್‌ಬಾರ್‌ಗೆ. ಸ್ಟಡ್ ಬರೀ ಒತ್ತಿ ಹಿಡಿಯುವ ಕೆಲಸ ಮಾಡುತ್ತದೆ. ಅದರಲ್ಲಿ ಕರೆಂಟ್ ಹೆಚ್ಚೇನೂ ಹರಿಯದ ಕಾರಣ, ಸ್ಟಡ್‌ನ ತುದಿಯಲ್ಲಿ ಸಿಗುವ ವೋಲ್ಟೇಜ್ ಬುಡದ ತಟ್ಟೆಯದೇ ಅಂದುಕೊಳ್ಳಬಹುದು. ತಟ್ಟೆ ಬಸ್‌ಬಾರ್ ಕೆಳಗೆ ಮುಚ್ಚಿಹೋಗಿದ್ದರೂ ಅಳೆಯುವುದಕ್ಕೆ ಇದೇ ದಾರಿ. ಒಂದು ಪ್ರೋಬ್ ಸ್ಟಡ್ ತುದಿಗೆ ಒತ್ತಿ, ಇನ್ನೊಂದನ್ನು ನಟ್ ಪಕ್ಕದ ಬಸ್‌ಬಾರ್ ಮೇಲಿಡಿ. ಅದು ಸಂಪರ್ಕದ ಇಳಿಕೆ. ಎರಡನೇ ಪ್ರೋಬನ್ನು ಅಲ್ಲಿಂದ ತೆಗೆದು, ವೆಲ್ಡ್‌ನ ಕೆಳಗೆ ಅಂಚಿನಲ್ಲಿ ಕಾಣುವ ಸೆಲ್‌ನ ಮೂಲ ಟರ್ಮಿನಲ್‌ಗೆ ಚುಚ್ಚಿ. ಅದು ವೆಲ್ಡ್‌ನ ಇಳಿಕೆ. ಪಕ್ಕಕ್ಕಿಟ್ಟದ್ದು ಬಿಟ್ಟು 15 ಸೆಲ್‌ಗೆ 30 ಟರ್ಮಿನಲ್, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಷ್ಟಿದ್ದರೆ ಸರಿ ಅಂತ ಹುಡುಕುತ್ತಾ ಕೂರಬೇಡಿ, ಪಕ್ಕದ ಟರ್ಮಿನಲ್‌ಗಳೇ ನಿಮಗೆ ಅಳತೆಗೋಲು. ಎಲ್ಲ ಕಡೆ ಒಂದೆರಡು ಮಿಲಿವೋಲ್ಟ್ ಇದ್ದು ಒಂದರಲ್ಲಿ ಮಾತ್ರ 50 ಬಂದರೆ ಕಳ್ಳ ಸಿಕ್ಕಿದ ಹಾಗೆ.

ನನ್ನ ಅನುಭವದಲ್ಲಿ ಬಹಳ ಸಲ ಸಿಕ್ಕಿಬೀಳುವುದು ಸಂಪರ್ಕ, ವೆಲ್ಡ್ ಅಲ್ಲ. ಅಲ್ಯೂಮಿನಿಯಂ ಗಾಳಿಗೆ ತೆರೆದ ಕೂಡಲೇ ಅದರ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಅದು ಕರೆಂಟ್ ಬಿಡುವುದಿಲ್ಲ. ಎಲ್ಲ ಆಫ್ ಮಾಡಿ, ಬಸ್‌ಬಾರ್ ಬಿಚ್ಚಿ, ಎರಡೂ ಮುಖಗಳನ್ನು ನುಣುಪು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ತಕ್ಷಣ ಕೂರಿಸಿ. ಮತ್ತೆ ಅಳೆದಾಗ ಇಳಿಕೆ ಹೋಗಿದ್ದರೆ ನಿಮ್ಮ ಎರಡನೇ ಸೆಲ್ ಬಚಾವ್. ಸ್ಟಡ್ ತುದಿಯಿಂದ ಮೂಲ ಟರ್ಮಿನಲ್‌ವರೆಗಿನ ಇಳಿಕೆ ಹಾಗೇ ಉಳಿದರೆ ವೆಲ್ಡೇ ಸರಿಯಿಲ್ಲ. ಎರಡೂ ಜಾಗದಲ್ಲಿ ಏನೂ ಇಲ್ಲದೆ, ಬಸ್‌ಬಾರ್ ಅಥವಾ ಕೇಬಲ್‌ನಲ್ಲೂ ಇಳಿಕೆ ಕಾಣದೆ 60 ಮಾತ್ರ ಹಾಗೇ ಇದ್ದರೆ, ತೊಂದರೆ ಸೆಲ್‌ನ ಒಳಗಿದೆ.

ಇನ್ನು ಕಿತ್ತು ಬಂದ ಸ್ಟಡ್. ಅದನ್ನು ಬೆಳಕಿಗೆ ತಿರುಗಿಸಿ ತಳ ನೋಡಿ. ಸರಿಯಾಗಿ ಕರಗಿ ಕೂಡಿಕೊಂಡಿದ್ದ ವೆಲ್ಡ್ ಮುರಿದರೆ, ಸುತ್ತಲೂ ಅಗಲವಾದ ಒರಟು ಪಟ್ಟಿ ಕಾಣುತ್ತದೆ, ಲೋಹ ಹರಿದಂತೆ. ಅಂಚಿನಲ್ಲಿ ದಾರದಷ್ಟು ತೆಳ್ಳನೆಯ ಗೆರೆ ಮಾತ್ರ ಇದ್ದು, ಅದರ ಪಕ್ಕದಲ್ಲೇ ನುಣುಪಾದ ಲೋಹ ಕಂಡರೆ ಲೇಸರ್ ಆಳಕ್ಕೆ ಇಳಿದೇ ಇಲ್ಲ. ಸಣ್ಣ ಸಣ್ಣ ತೂತುಗಳಿದ್ದರೆ ಕರಗುವಾಗ ಅನಿಲ ಸಿಕ್ಕಿಕೊಂಡಿದೆ. ಅಲ್ಯೂಮಿನಿಯಂನ ಕಷ್ಟವೇ ಇದು: ಲೋಹ 660 ಡಿಗ್ರಿಗೆ ಕರಗುತ್ತದೆ, ಅದರ ಆಕ್ಸೈಡ್ ಕರಗಲು 2000 ಡಿಗ್ರಿ ದಾಟಬೇಕು. ಸಾಲದ್ದಕ್ಕೆ ಈ ಲೋಹ ಲೇಸರ್ ಬೆಳಕನ್ನು ಬಹುಪಾಲು ವಾಪಸ್ ಎಸೆಯುತ್ತದೆ. ಉಜ್ಜಿ ಸ್ವಚ್ಛ ಮಾಡದೆ ಅವಸರದಲ್ಲಿ ಹೊಡೆದ ವೆಲ್ಡ್ ಮೇಲೆ ಚೆಂದ ಕಂಡರೂ ಒಳಗೆ ಟೊಳ್ಳು. ಇನ್ನೊಂದು ವಿಷಯ: ಈ ಸೆಲ್‌ಗಳ ಟರ್ಮಿನಲ್ ಮೂಲದಲ್ಲಿ ಚಪ್ಪಟೆ. ಕಾರ್ಖಾನೆಯಲ್ಲಿ ಬಸ್‌ಬಾರನ್ನೇ ಲೇಸರ್‌ನಲ್ಲಿ ಅಂಟಿಸಲಿ ಅಂತ ಮಾಡಿದ್ದು. ನಟ್ ಹಾಕುವವರಿಗಾಗಿ ಸ್ಟಡ್ ಕೂರಿಸುವುದು ಎಷ್ಟೋ ಸಲ ಆಮೇಲೆ, ಮಾರುವವರ ಹಂತದಲ್ಲಿ. ಸೆಲ್ ಒಳ್ಳೆಯದಿದ್ದೂ ವೆಲ್ಡ್ ಕಳಪೆ ಆಗಬಹುದು.

ಅದನ್ನು ಮತ್ತೆ ಕೂರಿಸುವ ಆಸೆ ಬಿಟ್ಟುಬಿಡಿ. ಸೋಲ್ಡರಿಂಗ್ ಐರನ್‌ನಿಂದ ಅಷ್ಟು ದೊಡ್ಡ ಅಲ್ಯೂಮಿನಿಯಂ ಕಾಯಿಸುವಷ್ಟರಲ್ಲಿ ಸೀಲ್ ಹಾಳಾಗಿರುತ್ತದೆ, ಒಳಗಿರುವ ಎಲೆಕ್ಟ್ರೊಲೈಟ್ ಹೊತ್ತಿಕೊಳ್ಳುವ ದ್ರಾವಕ. ಎಪಾಕ್ಸಿ ಅಂಟಿಸಬಹುದು, ಆದರೆ ಕರೆಂಟ್ ಬಿಡುವುದಿಲ್ಲ. ಡ್ರಿಲ್ ಮಾಡಿ ಥ್ರೆಡ್ ಹಾಕಿದವರಿದ್ದಾರೆ. ಟರ್ಮಿನಲ್ ಎಷ್ಟು ದಪ್ಪ ಅಂತ ಡೇಟಾಶೀಟ್‌ನಲ್ಲಿ ನೋಡದೆ ಅದಕ್ಕೆ ಕೈ ಹಾಕುವುದು ನನಗೆ ಹುಚ್ಚಾಟ ಅನ್ನಿಸುತ್ತದೆ. ಸ್ಟಡ್‌ನ ತಳ, ಟರ್ಮಿನಲ್ ಎರಡರದ್ದೂ ಹತ್ತಿರದಿಂದ ಫೋಟೋ ತೆಗೆದು ಮಾರಿದವರಿಗೆ ಕಳಿಸಿ, ಬದಲಿ ಕೇಳಿ. ಅಷ್ಟರ ತನಕ ಆ ಟರ್ಮಿನಲ್‌ಗಳಿಗೆ ಟೇಪ್ ಸುತ್ತಿಡಿ.

ಉಳಿದ ಸ್ಟಡ್‌ಗಳಿಗೆ ಕೈ ಅಂದಾಜಿನಲ್ಲಿ ನಟ್ ತಿರುಗಿಸಬೇಡಿ. ಎಂ6 ಸ್ಟಡ್‌ಗೆ ಸಾಮಾನ್ಯವಾಗಿ ಹೇಳುವುದು 4ರಿಂದ 6 ನ್ಯೂಟನ್ ಮೀಟರ್, ನಿಮ್ಮ ಸೆಲ್‌ನ ಡೇಟಾಶೀಟ್‌ನಲ್ಲಿ ಇರುವುದೇ ಕೊನೇ ಮಾತು. 15 ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಗೆ 4 ಕೆಜಿ ಭಾರ ಬಿಟ್ಟರೆ 6 ನ್ಯೂಟನ್ ಮೀಟರ್ ಆಗಿಬಿಡುತ್ತದೆ. ಕೈ ಅದನ್ನು ಗೊತ್ತಾಗದೆ ದಾಟುತ್ತದೆ. ಸಣ್ಣ ಅಳತೆಯ ಟಾರ್ಕ್ ವ್ರೆಂಚ್ (ತಿರುಗಿಸುವ ಬಲ ಎಷ್ಟು ಅಂತ ತೋರಿಸುವ ಸ್ಪ್ಯಾನರ್) ತನ್ನಿ, ಅದಕ್ಕೂ ಸ್ಪ್ಯಾನರ್‌ಗೂ ಹಿಡಿಯ ತನಕ ಇನ್ಸುಲೇಶನ್ ಟೇಪ್ ಸುತ್ತಿ. ಪ್ಯಾಕ್ ಕಟ್ಟುವ ಮೊದಲೇ ಪ್ರತಿ ಸ್ಟಡ್‌ಗೂ ಒಂದು ಸಲ ಹೇಳಿದಷ್ಟು ಟಾರ್ಕ್ ಕೊಟ್ಟು ನೋಡುವುದು ನನ್ನ ರೂಢಿ. ಮುರಿಯುವುದಿದ್ದರೆ ಮೇಜಿನ ಮೇಲೇ ಮುರಿಯಲಿ.

ಇನ್ನೂ ಒಂದು ಒತ್ತಡ ಇದೆ, ಅದು ನಿಧಾನದ್ದು. ಚಾರ್ಜ್ ಆದಾಗ ಸೆಲ್ ಸ್ವಲ್ಪ ಉಬ್ಬುತ್ತದೆ, ಖಾಲಿಯಾದಾಗ ಇಳಿಯುತ್ತದೆ. ಬಸ್‌ಬಾರ್ ಗಟ್ಟಿ ಪಟ್ಟಿಯಾದರೆ ಆ ಎಳೆದಾಟವೆಲ್ಲ ವೆಲ್ಡ್ ಮೇಲೆ. ಸೆಲ್‌ಗಳನ್ನು ಚೌಕಟ್ಟಿನಲ್ಲಿ ಅದುಮಿ ಕೂರಿಸಿ, ಬಾಗುವ ಬಸ್‌ಬಾರ್ ಬಳಸಿ.

ಥರ್ಮಲ್ ಕ್ಯಾಮೆರಾ ಇದ್ದರೆ ಉಪಯೋಗಕ್ಕೆ ಬರುತ್ತದೆ, ಆದರೆ ಹೊಳೆಯುವ ಅಲ್ಯೂಮಿನಿಯಂ ಅದಕ್ಕೆ ಕನ್ನಡಿ ಇದ್ದಂತೆ, ಬಿಸಿ ಇದ್ದರೂ ತಣ್ಣಗೆ ತೋರಿಸುತ್ತದೆ. ಪ್ರತಿ ಟರ್ಮಿನಲ್‌ಗೂ ಕಪ್ಪು ಟೇಪಿನ ಚೂರು ಅಂಟಿಸಿ, ಅರ್ಧ ಗಂಟೆ ಲೋಡ್ ಓಡಿಸಿ, ಆಮೇಲೆ ಆ ಟೇಪ್ ನೋಡಿ.

ಬದಲಿ ಸೆಲ್ ಬಂದ ಮೇಲೆ ನೇರ ಸರಣಿಗೆ ಸೇರಿಸಬೇಡಿ. ಅದು ಸಾಮಾನ್ಯವಾಗಿ ಅರೆಬರೆ ಚಾರ್ಜ್‌ನಲ್ಲಿ ಬಂದಿರುತ್ತದೆ, ನಿಮ್ಮವು ಬೇರೆ ಮಟ್ಟದಲ್ಲಿರುತ್ತವೆ. ಹಳೆಯ ಪ್ಯಾಕನ್ನು ಬಿಎಂಎಸ್ ಮೂಲಕ ತುಂಬಿಸಿಟ್ಟುಕೊಂಡು, ಹೊಸದನ್ನು ಕರೆಂಟ್ ಮಿತಿ ಇರುವ ಪವರ್ ಸಪ್ಲೈನಿಂದ ಒಂಟಿಯಾಗಿ 3.65 ವೋಲ್ಟ್‌ಗೆ ತುಂಬಿಸಿ ಆಮೇಲೆ ಸೇರಿಸಿ. ಸೇರಿಸಿದ ದಿನವೇ ಅದರ ಎರಡು ಟರ್ಮಿನಲ್‌ಗಳ ಮಿಲಿವೋಲ್ಟ್ ಅಳೆದು ಅದೇ ಹಾಳೆಯಲ್ಲಿ ಬರೆದಿಡಿ.