ನಾಯಿ ಬಿಡಿ, ಇಲ್ಲವೇ ಮನೆ ಬಿಡಿ ಅಂದರೆ?

ಪ್ರಶ್ನೆ: ಬೆಂಗಳೂರಿನ ಹೊರಮಾವು ಕಡೆ 32 ಮನೆಗಳ ಅಪಾರ್ಟ್‌ಮೆಂಟ್ ಒಂದರಲ್ಲಿ ಬಾಡಿಗೆಗೆ ಇದ್ದೇವೆ. ಬಾಡಿಗೆ 28 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. 11 ತಿಂಗಳ ಕರಾರಿನಲ್ಲಿ ಐದು ತಿಂಗಳು ಮುಗಿದಿದೆ. ನಮ್ಮ ಜೊತೆ ರಾಗಿ ಅಂತ ನಾಲ್ಕು ವರ್ಷದ ನಾಯಿ ಇದೆ, ಬೀದಿಯಿಂದ ತಂದು ಸಾಕಿದ್ದು. ಮನೆ ನೋಡಲು ಹೋದಾಗಲೇ ಓನರ್‌ಗೆ ಹೇಳಿದ್ದೆವು. "ಪರವಾಗಿಲ್ಲ, ನಮ್ಮ ಊರ ಮನೇಲೂ ನಾಯಿ ಇದೆ" ಅಂದಿದ್ದರು. ಕಳೆದ ತಿಂಗಳು ಅಸೋಸಿಯೇಷನ್ ಮೀಟಿಂಗ್‌ನಲ್ಲಿ, ಬಾಡಿಗೆದಾರರು ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ ಅಂತ ತೀರ್ಮಾನ ಮಾಡಿದ್ದಾರೆ. ಸ್ವಂತ ಮನೆಯವರಿಗೆ ಈ ನಿಯಮ ಇಲ್ಲ! ರಾಗಿ ಲಿಫ್ಟ್ ಹತ್ತಿದರೆ 500 ರೂಪಾಯಿ ದಂಡ ಅಂತ ಬೋರ್ಡಿಗೂ ಅಂಟಿಸಿದ್ದಾರೆ. ಈಗ ಓನರ್ ಫೋನ್ ಮಾಡಿ, "ನಾಯೀನ ಎಲ್ಲಾದ್ರೂ ಬಿಟ್ಟುಬಿಡಿ, ಇಲ್ಲಾಂದ್ರೆ ತಿಂಗಳೊಳಗೆ ಖಾಲಿ ಮಾಡಿ" ಅಂತಿದ್ದಾರೆ. ಕರಾರಿನಲ್ಲಿ ನಾಯಿಯ ಮಾತೇ ಇಲ್ಲ. ನಾವು ಏನು ಮಾಡಬೇಕು?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ಬೀರುವಿನಿಂದ ಕರಾರು ಪತ್ರ ತೆಗೆಯಿರಿ. ಅದರಲ್ಲಿ 'ನೋಟಿಸ್' ಅನ್ನುವ ಪದ ಎಲ್ಲಿದೆ, ಎಷ್ಟು ತಿಂಗಳು ಅಂತ ಇದೆ, ಯಾರು ಯಾರಿಗೆ ಕೊಡಬಹುದು ಅಂತ ಇದೆ, ನೋಡಿ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿದೆ. ನಿಮ್ಮ ಪತ್ರದಲ್ಲಿ ಅದೊಂದನ್ನು ಬರೆದಿಲ್ಲ. ನನಗೆ ಬರುವ ಹತ್ತು ಪತ್ರಗಳಲ್ಲಿ ಒಂಬತ್ತರಲ್ಲೂ ಇರುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ನಿಮಗೆ ಬೇಡ ಅನ್ನುತ್ತಿರುವವರು ಇಬ್ಬರು. ಇಬ್ಬರ ಮಾತಿಗೂ ಒಂದೇ ತೂಕವಿಲ್ಲ. ಅಸೋಸಿಯೇಷನ್ ಜೋರಾಗಿ ಕೂಗುತ್ತಿದೆ, ಆದರೆ ಅದರ ಕಾಲ ಕೆಳಗೆ ನೆಲ ಗಟ್ಟಿಯಿಲ್ಲ. ಓನರ್ ಮೆತ್ತಗೆ ಮಾತಾಡುತ್ತಿದ್ದರೂ ನಿಜವಾದ ಹಿಡಿತ ಇರುವುದು ಅವರ ಕೈಯಲ್ಲೇ.

ಅಸೋಸಿಯೇಷನ್ ವಿಷಯ ಮೊದಲು ಮುಗಿಸೋಣ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ನಿವಾಸಿ ಸಂಘಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಬಹುಮತ ಇದ್ದರೂ ಸಾಕುನಾಯಿಗಳನ್ನು ನಿಷೇಧಿಸುವ ಹಾಗಿಲ್ಲ. ಲಿಫ್ಟ್ ಬಳಸಬೇಡಿ ಅನ್ನುವ ಹಾಗಿಲ್ಲ. ಅದಕ್ಕಾಗಿ ಬೇರೆ ಶುಲ್ಕ, ದಂಡ ಹಾಕುವ ಹಾಗೂ ಇಲ್ಲ. ಇದು ಮಾರ್ಗಸೂಚಿ, ಕಾಯ್ದೆ ಅಲ್ಲ, ಅದನ್ನು ಮರೆಯಬೇಡಿ. ಆದರೆ 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಇದೇ ದಾರಿ ಹಿಡಿಯಿತು. ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಅನ್ನುವ ಅಸೋಸಿಯೇಷನ್ ಬೈಲಾಗಳು, ಅಂದರೆ ಸಂಘದ ಒಳನಿಯಮಗಳು, ಕಾನೂನಿನ ಮುಂದೆ ನಿಲ್ಲುವುದಿಲ್ಲ ಅಂತ ಹೇಳಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಎತ್ತಿ ತೋರಿಸಲು ಮಾತ್ರ ಅಡ್ಡಿಯಿಲ್ಲ. ಇನ್ನೂ ಹತ್ತಿರದ್ದು ಬೇಕಾ? ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಅದರಡಿಯ ಮಾದರಿ ಬೈಲಾದಲ್ಲೇ, ಸಾಕುಪ್ರಾಣಿ ಇಟ್ಟುಕೊಂಡವರು ಪಾಲಿಕೆಯ ನೈರ್ಮಲ್ಯ ನಿಯಮ ಪಾಲಿಸಬೇಕು ಅನ್ನುವ ಮಾತು ಬರುತ್ತದೆ. ಅಂದರೆ ಮನೆಗಳಲ್ಲಿ ಪ್ರಾಣಿ ಇರುತ್ತವೆ ಅಂತ ಒಪ್ಪಿಕೊಂಡೇ ಅದನ್ನು ಬರೆದಿದ್ದಾರೆ. ನಿಮ್ಮ ಅಪಾರ್ಟ್‌ಮೆಂಟಿನ ಬೈಲಾದಲ್ಲಿ ಏನಿದೆ ಅಂತ ಓನರ್ ಮೂಲಕ ಒಂದು ಪ್ರತಿ ತರಿಸಿ ಓದಿ. ಎಷ್ಟೋ ಸಲ ಬೋರ್ಡಿಗೆ ಅಂಟಿಸಿದ ನಿಯಮ ಬೈಲಾದಲ್ಲಿ ಇರುವುದೇ ಇಲ್ಲ.

ಬಾಡಿಗೆಯವರಿಗೆ ಮಾತ್ರ ನಿಷೇಧ ಅನ್ನುವುದಂತೂ ಇನ್ನೂ ಸೊಟ್ಟ. ಸ್ವಂತ ಮನೆಯ ನಾಯಿ ಬೊಗಳಿದರೆ ಸಂಗೀತ, ಬಾಡಿಗೆ ಮನೆಯ ನಾಯಿ ಬೊಗಳಿದರೆ ಗಲಾಟೆ ಅಂತ ಇದೆಯಾ? ದಂಡದ ಚೀಟಿ ಬಂದರೆ ಕಟ್ಟಬೇಡಿ. ನೀವು ಅಸೋಸಿಯೇಷನ್ನಿನ ಸದಸ್ಯರೇ ಅಲ್ಲ. "ಯಾವ ಬೈಲಾದ ಯಾವ ಕಲಮಿನಡಿ ಈ ದಂಡ, ದಯವಿಟ್ಟು ತಿಳಿಸಿ" ಅಂತ ಸೆಕ್ರೆಟರಿಗೆ ಒಂದು ಇಮೇಲ್ ಹಾಕಿ ಸುಮ್ಮನಿರಿ.

ಇನ್ನು ಓನರ್.

ಕರಾರು ಆದಮೇಲೆ, ಅವಧಿಯ ನಡುವೆ, ಒಬ್ಬರೇ ಕೂತು ಷರತ್ತು ಬದಲಾಯಿಸಲು ಬರುವುದಿಲ್ಲ. ಕರಾರಿನಲ್ಲಿ ನಾಯಿಯ ಮಾತಿಲ್ಲ ಅಂದರೆ ನಾಯಿ ಬೇಡ ಅಂತ ಅರ್ಥವಲ್ಲ. ಅವರು ಬಾಯಲ್ಲಿ ಒಪ್ಪಿದ್ದಕ್ಕೆ ಸಾಕ್ಷಿ ಹುಡುಕಿ. ಹಳೆಯ ವಾಟ್ಸಾಪ್ ಮೆಸೇಜ್, ಬ್ರೋಕರ್ ಜೊತೆಗಿನ ಮಾತು, ಬಾಡಿಗೆ ತೆಗೆದುಕೊಳ್ಳಲೋ ಗೀಸರ್ ನೋಡಲೋ ಬಂದಾಗ ರಾಗಿಯನ್ನು ಕಂಡಿದ್ದು, ಯಾವುದಾದರೂ ಸರಿ. ನಾಯಿ ಇದೆ ಅಂತ ಗೊತ್ತಿದ್ದೂ ಐದು ತಿಂಗಳು ತಕರಾರಿಲ್ಲದೆ ಬಾಡಿಗೆ ತೆಗೆದುಕೊಂಡಿದ್ದಾರೆ ಅನ್ನುವುದೂ ನಿಮ್ಮ ಕಡೆಗೇ ಬರುತ್ತದೆ.

ಒಂದು ಸಾಲಿನ ಬಗ್ಗೆ ಮಾತ್ರ ಎಚ್ಚರ. 'ಬಾಡಿಗೆದಾರರು ಅಸೋಸಿಯೇಷನ್ನಿನ ಎಲ್ಲ ನಿಯಮಗಳಿಗೆ ಬದ್ಧರಾಗಿರಬೇಕು' ಅಂತ ಬಹಳ ಕರಾರುಗಳಲ್ಲಿ ಇರುತ್ತದೆ. ಓನರ್ ಅದನ್ನೇ ಹಿಡಿದುಕೊಳ್ಳಬಹುದು. ಅಸೋಸಿಯೇಷನ್‌ಗೆ ಮಾಡಲು ಅಧಿಕಾರವೇ ಇಲ್ಲದ ನಿಯಮಕ್ಕೆ ನಿಮ್ಮ ಸಹಿಯಿಂದ ಬಲ ಬರುವುದಿಲ್ಲ ಅಂತ ನೀವು ವಾದಿಸಬಹುದು. ಒಳ್ಳೆಯ ವಾದವೇ. ಆದರೆ ವಾದ ಗೆಲ್ಲುವುದು ಬೇರೆ, ಆ ಮನೆಯಲ್ಲಿ ನೆಮ್ಮದಿಯಾಗಿ ಇರುವುದು ಬೇರೆ.

ಈಗ ಕಹಿ ಭಾಗ. ಕರಾರಿನಲ್ಲಿ 'ಯಾರೇ ಆಗಲಿ ಒಂದು (ಅಥವಾ ಎರಡು) ತಿಂಗಳ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು' ಅಂತ ಇದ್ದರೆ ಓನರ್ ಕಾರಣವನ್ನೇ ಹೇಳದೆ ನೋಟಿಸ್ ಕೊಡಬಹುದು. ನಾಯಿಯ ಹೆಸರನ್ನೂ ಎತ್ತಬೇಕಿಲ್ಲ. 11 ತಿಂಗಳು ಮುಗಿದಮೇಲೆ ಮುಂದುವರಿಸದೆಯೂ ಇರಬಹುದು. ಬಾಡಿಗೆದಾರರನ್ನು ಕಾಪಾಡಲು 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ ಅಲ್ವಾ ಅಂತ ಕೇಳಬಹುದು. ಅದರ ನೆರಳು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಗೆ ಮಾತ್ರ. ಈಗ ಆ ದುಡ್ಡಿಗೆ ಪಾರ್ಕಿಂಗ್ ಸಿಕ್ಕರೆ ಪುಣ್ಯ. ಹಾಗಾಗಿ ನಿಮಗೆ ಅನ್ವಯಿಸುವುದು ನಿಮ್ಮ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ನೋಟಿಸ್ ಬಗ್ಗೆ ಏನೂ ಬರೆಯದೆ ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಇರುವವರಿಗೆ ಅದು ಕೊಡುವುದು 15 ದಿನ ಅಷ್ಟೇ. ನಿಮ್ಮದು ಅವಧಿ ಬರೆದ ಕರಾರು, ಅಷ್ಟು ಸುಲಭವಲ್ಲ. ನೋಟಿಸ್ ಬರಹದಲ್ಲಿ, ಸಹಿ ಇರಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಅಂದಮೇಲೆ ಮೊನ್ನೆಯ ಫೋನ್ ಕರೆ ನೋಟಿಸ್ ಅಲ್ಲ. ತಿಂಗಳ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ನಾನು ಹೇಳುವುದು ಇಷ್ಟೇ. ಕಾನೂನು ನಿಮಗೆ ಮನೆ ಉಳಿಸಿಕೊಡುತ್ತದೆ ಅಂತ ನಂಬಬೇಡಿ. ಅದು ಕೊಡುವುದು ಸಮಯ. ಆ ಸಮಯವನ್ನು ಚೌಕಾಶಿಗೆ ಬಳಸಿ. ನಿಮ್ಮ ಒಂದೂವರೆ ಲಕ್ಷ ಅವರ ಹತ್ತಿರ ಇದೆ. ಕೋರ್ಟಿಗೆ ಹೋದರೆ ಗೆದ್ದರೂ ಆ ದುಡ್ಡಿನ ಒಂದು ಪಾಲು ಓಡಾಟಕ್ಕೇ ಹೋಗುತ್ತದೆ. ಅವರಿಗೂ ಅಷ್ಟೇ, ಕೋರ್ಟಿನ ಆದೇಶವಿಲ್ಲದೆ ನಿಮ್ಮನ್ನು ಹೊರಗೆ ಹಾಕಲು ಬರುವುದಿಲ್ಲ. ಬೀಗ ಹಾಕುವುದು, ಕರೆಂಟ್ ಅಥವಾ ನೀರು ನಿಲ್ಲಿಸುವುದು, ಸಾಮಾನು ಹೊರಗಿಡುವುದು ಇವೆಲ್ಲ ಮಾಡಿದರೆ 112ಕ್ಕೆ ಫೋನ್ ಮಾಡಿ, ಸ್ಟೇಷನ್ನಿನಲ್ಲಿ ಬರಹದ ದೂರು ಕೊಡಿ.

ಈ ವಾರ ಓನರ್‌ಗೆ ಹೀಗೊಂದು ಮೆಸೇಜ್ ಹಾಕಿ. ಜಗಳದ ದನಿ ಬೇಡ.

"ಸರ್, ನಮಸ್ಕಾರ. ಮನೆ ತೋರಿಸಿದಾಗಲೇ ನಮ್ಮ ನಾಯಿಯ ಬಗ್ಗೆ ಹೇಳಿದ್ದೆವು, ನೀವು ಒಪ್ಪಿದ್ದಿರಿ. ಅದನ್ನು ನಂಬಿ ಬಂದಿದ್ದೇವೆ. ಲಸಿಕೆ ಕಾರ್ಡಿನ ಫೋಟೊ ಕಳಿಸುತ್ತಿದ್ದೇನೆ. ಯಾರಿಗಾದರೂ ನಿರ್ದಿಷ್ಟವಾಗಿ ತೊಂದರೆ ಆಗಿದ್ದರೆ ತಿಳಿಸಿ, ಸರಿಪಡಿಸುತ್ತೇವೆ. ಅಸೋಸಿಯೇಷನ್ನಿನಲ್ಲಿ ನೀವೇ ಸದಸ್ಯರು, ನಮ್ಮ ಪರವಾಗಿ ನೀವು ಮಾತಾಡಿದರೆ ಚೆನ್ನಾಗಿರುತ್ತದೆ. ಮನೆ ಖಾಲಿ ಮಾಡಲೇಬೇಕು ಅನ್ನುವುದಾದರೆ ಕರಾರಿನ ಪ್ರಕಾರ ಬರಹದಲ್ಲಿ ನೋಟಿಸ್ ಕೊಡಿ. ಅಡ್ವಾನ್ಸ್ ಯಾವ ದಿನ ವಾಪಸ್ ಅಂತಲೂ ಬರೆದು ತಿಳಿಸಿ."

ಅವರು 'ಹೌದು, ಆಗ ಒಪ್ಪಿದ್ದೆ, ಆದರೆ...' ಅಂತ ಉತ್ತರ ಕೊಟ್ಟರೂ ಸಾಕು. ಬಾಯಿಮಾತು ಬರಹಕ್ಕೆ ಬಂತು.

'ನಿರ್ದಿಷ್ಟ ತೊಂದರೆ' ಅಂತ ಸುಮ್ನೆ ಸೇರಿಸಿಲ್ಲ. ನಿಯಮ ಬದಲಾದ ಕಡೆಯೆಲ್ಲ ಹಿಂದೆ ಒಂದು ಚಿಕ್ಕ ಕಥೆ ಇರುತ್ತದೆ. ಯಾರದೋ ಚಪ್ಪಲಿ ಹರಿದಿರುತ್ತದೆ, ಲಿಫ್ಟ್‌ನಲ್ಲಿ ಒಂದು ಮಗು ಹೆದರಿರುತ್ತದೆ. ನಾನು ಬಾಡಿಗೆ ಮನೆಯಲ್ಲಿದ್ದಾಗ ನನ್ನ ನಾಯಿಯ ಮೇಲೂ ದೂರು ಬಂದಿತ್ತು. ನಮ್ಮದು ಬೊಗಳುವುದೇ ಇಲ್ಲ ಅಂತ ಎಲ್ಲರ ಹತ್ತಿರ ವಾದ ಮಾಡಿದ್ದೆ. ಕೊನೆಗೆ ಹಳೆಯ ಫೋನೊಂದನ್ನು ಮನೆಯಲ್ಲಿ ರೆಕಾರ್ಡಿಂಗ್‌ಗೆ ಇಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದು ಕೇಳಿದರೆ ನಾನು ಬಾಗಿಲು ಹಾಕಿದ ಕ್ಷಣದಿಂದ ಎರಡು ಗಂಟೆ ಅಳು! ಕೆಳಗಿನ ಮನೆಯವರು ರಾತ್ರಿ ಪಾಳಿ ಮುಗಿಸಿ ಆಗತಾನೆ ಮಲಗುತ್ತಿದ್ದರು. ಬೆಳಗಿನ ವಾಕಿಂಗ್ ಉದ್ದ ಮಾಡಿ, ಮಧ್ಯಾಹ್ನ ಒಬ್ಬರು ಬಂದು ನೋಡಿಕೊಂಡು ಹೋಗುವ ಏರ್ಪಾಡು ಮಾಡಿದಮೇಲೆ ದೂರು ನಿಂತಿತು. ನೀವೂ ಒಂದು ದಿನ ರೆಕಾರ್ಡ್ ಮಾಡಿ ನೋಡಿ. ರಾಗಿಯ ರೇಬೀಸ್ ಲಸಿಕೆ ಕಾರ್ಡ್, ಪಾಲಿಕೆಯ ಲೈಸೆನ್ಸ್ ಎರಡೂ ಸರಿಯಾಗಿವೆಯಾ ಅಂತಲೂ ನೋಡಿಕೊಳ್ಳಿ. ಇವಿಲ್ಲದೆ ಮೀಟಿಂಗಿಗೆ ಹೋದರೆ ಮೊದಲ ಪ್ರಶ್ನೆಗೇ ಸೋಲುತ್ತೀರಿ.

'ಎಲ್ಲಾದ್ರೂ ಬಿಟ್ಟುಬಿಡಿ' ಅನ್ನುವ ಮಾತನ್ನು ಮಾತ್ರ ಕಿವಿಗೇ ಹಾಕಿಕೊಳ್ಳಬೇಡಿ. ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ. ನಗು ಬರುತ್ತದೆ, ಆದರೂ ಅಪರಾಧ ಅಪರಾಧವೇ. ಓನರ್ ಅದನ್ನು ಮೆಸೇಜಿನಲ್ಲಿ ಬರೆದಿದ್ದರೆ ಅಳಿಸದೆ ಇಟ್ಟುಕೊಳ್ಳಿ.

ಪ್ರಶ್ನೆ: ಮೈಸೂರಿನಲ್ಲಿ ಮೂರು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೇನೆ. ಎರಡು ಬೆಕ್ಕುಗಳಿವೆ. ಈ ಸಲ ಕರಾರು ಹೊಸದು ಮಾಡುವಾಗ ಮಾಲೀಕರು 'ಬೆಕ್ಕಿಗೆ' ಅಂತ 20 ಸಾವಿರ ಹೆಚ್ಚುವರಿ ಅಡ್ವಾನ್ಸ್, ತಿಂಗಳಿಗೆ ಸಾವಿರ ರೂಪಾಯಿ ಜಾಸ್ತಿ ಕೇಳುತ್ತಿದ್ದಾರೆ. ಇದು ಸರಿಯೇ?
– ಶಿಕ್ಷಕಿ, ಮೈಸೂರು

ಉತ್ತರ: ಹೊಸ ಕರಾರು ಅಂದರೆ ಹೊಸ ಮಾತುಕತೆ. ಅವರು ಕೇಳಬಹುದು, ನೀವು ಬೇಡ ಅನ್ನಬಹುದು. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಇರಬಾರದು ಅಂತ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಅದು ಕೇಂದ್ರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನದೇ ಕಾನೂನು ಮಾಡಿಕೊಂಡರೆ ಮಾತ್ರ ಅಲ್ಲಿ ನಡೆಯುತ್ತದೆ.

ನನ್ನ ಸಲಹೆ: ಅಡ್ವಾನ್ಸಿಗೆ ಒಪ್ಪಿ, ತಿಂಗಳ ಸಾವಿರಕ್ಕೆ ಒಪ್ಪಬೇಡಿ. ಅಡ್ವಾನ್ಸ್ ವಾಪಸ್ ಬರುವ ದುಡ್ಡು, ಬಾಡಿಗೆ ಹೋದ ದುಡ್ಡು. ಆದರೆ ಆ 20 ಸಾವಿರದಲ್ಲಿ ಯಾವುದಕ್ಕೆ ಹಿಡಿಯಬಹುದು ಅಂತ ಕರಾರಿನಲ್ಲೇ ಬರೆಸಿ. 'ಬೆಕ್ಕು ಪರಚಿ ಹಾಳಾದ ಬಾಗಿಲು, ಸೊಳ್ಳೆ ಪರದೆಯ ರಿಪೇರಿಗೆ ಮಾತ್ರ, ಬಿಲ್ ತೋರಿಸಿ' ಅಂತ ಇರಲಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ನಮ್ಮ ಕಡೆ ರೂಢಿಯೇ ಆಗಿಬಿಟ್ಟಿದೆ. ಬೆಕ್ಕಿನ ಲೆಕ್ಕದಲ್ಲಿ ಮತ್ತೊಮ್ಮೆ ಅದೇ ಪೇಂಟ್ ಬರದಂತೆ ನೋಡಿಕೊಳ್ಳಿ. ಸಹಿ ಹಾಕುವ ದಿನವೇ ಪ್ರತಿ ಬಾಗಿಲು, ಕಿಟಕಿಯ ವಿಡಿಯೊ ಮಾಡಿ ಅವರಿಗೂ ಕಳಿಸಿ. ಬಾಲ್ಕನಿಗೆ ಬಲೆ ಹಾಕಿಸುವುದಿದ್ದರೆ ಗೋಡೆಗೆ ಡ್ರಿಲ್ ಮಾಡುವ ಮೊದಲೇ ಕೇಳಿ. ನಾನು ನೋಡಿದ ಬೆಕ್ಕಿನ ಜಗಳಗಳಲ್ಲಿ ಬೆಕ್ಕಿಗಿಂತ ಡ್ರಿಲ್ಲಿನದೇ ಹೆಚ್ಚು.

ಪ್ರಶ್ನೆ: ನಾನು ಮನೆ ಮಾಲೀಕ. ತುಮಕೂರಿನಲ್ಲಿ ನಮ್ಮ ಮೇಲಿನ ಮನೆಯ ಬಾಡಿಗೆದಾರರು ಹೇಳದೆ ಕೇಳದೆ ರಾಟ್‌ವೀಲರ್ ತಂದಿದ್ದಾರೆ. ಆ ತಳಿಯನ್ನು ಸರ್ಕಾರ ನಿಷೇಧಿಸಿದೆ, ಕೂಡಲೇ ಖಾಲಿ ಮಾಡಿಸಿ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ಹೌದೇ?
– ನಿವೃತ್ತ ನೌಕರ, ತುಮಕೂರು

ಉತ್ತರ: ನಿಮ್ಮ ನೆರೆಯವರು ಅರ್ಧ ಸುದ್ದಿ ಓದಿದ್ದಾರೆ. ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸುವ ಸುತ್ತೋಲೆಯನ್ನು ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದು ನಿಜ. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ನಮ್ಮ ಹೈಕೋರ್ಟೇ ಮರುತಿಂಗಳು ಅದನ್ನು ರದ್ದು ಮಾಡಿತು. ಹಾಗಾಗಿ ಆ ಸುತ್ತೋಲೆ ತೋರಿಸಿ ಖಾಲಿ ಮಾಡಿಸಲು ಬರುವುದಿಲ್ಲ.

ಕರಾರಿನಲ್ಲಿ 'ಪ್ರಾಣಿ ಸಾಕಬಾರದು' ಅಂತ ಇದ್ದರೆ ಬರಹದಲ್ಲಿ ನೋಟಿಸ್ ಕೊಡಿ. ಇಲ್ಲದಿದ್ದರೆ ಅವಧಿ ಮುಗಿಯುವವರೆಗೆ ಕಾಯಬೇಕಾಗುತ್ತದೆ, ಅಥವಾ ಕರಾರಿನಲ್ಲಿರುವ ನೋಟಿಸ್ ಷರತ್ತನ್ನು ಬಳಸಬೇಕು. ಅಲ್ಲಿಯವರೆಗೆ ಅವರನ್ನು ಕರೆದು ಕೂರಿಸಿ ಮಾತಾಡಿ. ಮೆಟ್ಟಿಲು, ಗೇಟಿನ ಹತ್ತಿರ ಬೆಲ್ಟ್ ಬಿಚ್ಚಬಾರದು, ಚಿಕ್ಕ ಮಕ್ಕಳ ಕೈಗೆ ನಾಯಿ ಕೊಟ್ಟು ಕಳಿಸಬಾರದು ಅಂತ ಹೇಳಿ. ಸಾಕಿದವರ ಅಜಾಗರೂಕತೆಯಿಂದ ಪ್ರಾಣಿ ಯಾರಿಗಾದರೂ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು ಅಂತಲೂ ತಿಳಿಸಿ. ಹೆದರಿಸುವ ದನಿಯಲ್ಲಿ ಬೇಡ, ಕಾಫಿ ಕೊಟ್ಟು ಹೇಳಿ. ಹಾಗೇ ಒಮ್ಮೆ ಮೇಲೆ ಹೋಗಿ ನಾಯಿಯನ್ನು ನೀವೇ ನೋಡಿ ಬನ್ನಿ. ನಿಮ್ಮ ಪತ್ರದ ಪ್ರಕಾರ ಇಲ್ಲಿಯವರೆಗೆ ಅದು ಮಾಡಿರುವ ಒಂದೇ ತಪ್ಪು ನಿಮಗೆ ಹೇಳದೆ ಬಂದಿದ್ದು, ಅದೂ ಅದರ ತಪ್ಪಲ್ಲ.