ಜಾತ್ರೆಗೆ ಮುಂಚೆಯೇ ಜಗಳದ ವಾಸನೆ ಬಂದರೆ ಯಾರಿಗೆ ಹೇಳಬೇಕು?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ಇನ್ನೆರಡು ತಿಂಗಳಿಗೆ ನಮ್ಮೂರ ಜಾತ್ರೆ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಅಂತ ಹೋದ ವರ್ಷ ಹುಡುಗರು ಕೈ ಕೈ ಮಿಲಾಯಿಸಿದ್ದರು. ಈ ಸಲ ಆಗಲೇ ಒಂದು ಫ್ಲೆಕ್ಸ್ ಹರಿದಿದ್ದಾರೆ. ಠಾಣೆಗೆ ಹೋದರೆ ‘ಏನಾದ್ರೂ ಆದ್ರೆ ಕಂಪ್ಲೇಂಟ್ ಕೊಡಿ’ ಅಂತಾರೆ. ಆಗೋದಕ್ಕೆ ಮುಂಚೆ ತಡೆಯೋ ವ್ಯವಸ್ಥೆ ಊರಲ್ಲೇ ಮಾಡಿಕೊಳ್ಳಬಹುದಾ ಸರ್?

ಉತ್ತರ: ಖಂಡಿತ ಮಾಡಿಕೊಳ್ಳಬಹುದಮ್ಮ. ಅರ್ಧ ಕೆಲಸ ನೀವು ಆಗಲೇ ಮಾಡಿದ್ದೀರಿ. ಫ್ಲೆಕ್ಸ್ ಹರಿದದ್ದು ನೋಡಿದ್ದೀರಿ, ಅದು ಹೋದ ವರ್ಷದ ಜಗಳದ ಬಾಲ ಅಂತ ಗುರುತಿಸಿದ್ದೀರಿ. ನಮ್ಮ ಕಡೆ ಹಳ್ಳಿಗಳಲ್ಲಿ ಸುಳಿವೇ ಇಲ್ಲದೆ ಹೊಡೆದಾಟ ಆಗುವುದು ತೀರಾ ಕಡಿಮೆ. ಟೀ ಅಂಗಡಿಯಲ್ಲಿ ಕೂತವರಿಗೆಲ್ಲ ವಿಷಯ ಗೊತ್ತಿರುತ್ತದೆ. ಅದನ್ನು ಯಾರಿಗೆ ಹೇಳಬೇಕು, ಹೇಳಿಸಿಕೊಂಡವರು ಅವತ್ತು ಸಂಜೆಯೊಳಗೆ ಎಲ್ಲಿಗೆ ಹೋಗಬೇಕು ಅನ್ನೋದು ಮಾತ್ರ ತೀರ್ಮಾನ ಆಗಿರುವುದಿಲ್ಲ.

ಆಗ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಅದು ಒಂದೇ ರಾತ್ರಿಯಲ್ಲಿ ಹುಟ್ಟಿದ ದ್ವೇಷವಾಗಿರಲಿಲ್ಲ, ಊರಲ್ಲಿ ವೈಷಮ್ಯ ಮೊದಲಿಂದ ಇತ್ತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದರು, 2014ರಲ್ಲಿ ಹೈಕೋರ್ಟು ಆ ತೀರ್ಪನ್ನೇ ಎತ್ತಿಹಿಡಿಯಿತು. ಆದ ಮೇಲೆ ಕಾನೂನು ನೋಡಿಕೊಳ್ಳುತ್ತೆ ಬಿಡಿ ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ.

ಮೊದಲು ಜನರನ್ನು ಆರಿಸಿ. ಮುಖಂಡರು ಬೇಡ. ಅವರಿಗೆ ಸುದ್ದಿ ಕೊನೆಗೆ ಮುಟ್ಟುತ್ತದೆ, ಎಷ್ಟೋ ಸಲ ಜಗಳದಲ್ಲಿ ಅವರ ಕೈಯೂ ಇರುತ್ತದೆ. ದಿನಾ ಎಲ್ಲ ಬೀದಿಗೂ ಹೋಗುವ ಕೆಲಸ ಯಾರದೋ ಅವರನ್ನು ನೋಡಿ: ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನೀರು ಬಿಡುವ ನೀರುಗಂಟಿ, ಡೈರಿ ಕಾರ್ಯದರ್ಶಿ, ಆಟೋ ಓಡಿಸುವ ಹುಡುಗ. ಎಂಟು ಹತ್ತು ಜನ ಸಾಕು. ಪ್ರತಿ ಕೇರಿಯಿಂದಲೂ ಒಬ್ಬರಿರಲಿ, ಅರ್ಧ ಜನ ಹೆಂಗಸರಿರಲಿ. ಇನ್ನೊಂದು ಮಾತು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಬೈಗುಳ ತೆಲುಗಿನಲ್ಲಿರುತ್ತೆ, ಇನ್ನೊಂದು ಬೀದಿಯ ಭಯ ಉರ್ದುವಿನಲ್ಲಿರುತ್ತೆ, ಅರ್ಜಿ ಮಾತ್ರ ಕನ್ನಡದಲ್ಲಿ ಹೋಗಬೇಕು. ಮೂರನ್ನೂ ಬಲ್ಲ ಒಬ್ಬರು ನಿಮ್ಮ ಗುಂಪಿನಲ್ಲಿ ಇರಲೇಬೇಕು.

ಏನನ್ನು ಗಮನಿಸಬೇಕು? ಹಾಲಿನ ಡೈರಿಯನ್ನೇ ತಗೊಳ್ಳಿ. ಬೆಳಿಗ್ಗೆ, ಸಂಜೆ ಎಲ್ಲ ಕಡೆಯವರೂ ಕ್ಯಾನು ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಅದು. ಅಲ್ಲಿ ಮಾತು ನಿಂತರೆ, ಒಂದು ಗುಂಪು ಹಾಲು ಹಾಕಿ ಹೋಗುವ ತನಕ ಇನ್ನೊಂದು ಗುಂಪು ದೂರ ನಿಂತರೆ, ದಿನಾ ಬರುತ್ತಿದ್ದ ಹೆಂಗಸರು ಇದ್ದಕ್ಕಿದ್ದಂತೆ ಗಂಡುಮಕ್ಕಳ ಕೈಲಿ ಕ್ಯಾನು ಕಳಿಸಲು ಶುರು ಮಾಡಿದರೆ ದಿನಾಂಕ ಹಾಕಿ ಬರೆದಿಡಿ. ಕಟಿಂಗ್ ಶಾಪಿನಲ್ಲಿ ಕೆಲವರಿಗೆ ‘ಇವತ್ತು ಆಗಲ್ಲ’ ಅಂದರೆ, ಟೊಮೆಟೊ ಬಿಡಿಸಲು ಒಂದು ಕೇರಿಯವರನ್ನು ಮಾತ್ರ ಕರೆಯದೆ ಹೋದರೆ, ಬಿಸಿಯೂಟಕ್ಕೆ ಕೆಲವು ಮಕ್ಕಳು ಕೂರದೆ ಹೋದರೆ ಅದನ್ನೂ ಬರೆಯಿರಿ. ಜಾತ್ರೆ ಚಂದಾ ಯಾರ ಮನೆಯಲ್ಲಿ ಕೇಳಲಿಲ್ಲ, ಯಾರು ಕೊಡಲಿಲ್ಲ ಅನ್ನೋದು ನಿಮ್ಮೂರಿನ ಮಟ್ಟಿಗೆ ದೊಡ್ಡ ಸುಳಿವು. ಸ್ಮಶಾನದ ದಾರಿ, ಒತ್ತುವರಿ, ಕಿತ್ತುಹಾಕಿದ ಬಾಂದು ಕಲ್ಲು ಯಾವಾಗಲೂ ಇದ್ದದ್ದೇ. 2018ರಿಂದ ಜಿಲ್ಲೆಯ ಕೆರೆಗಳಿಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುತ್ತಿದೆ. ನೀರು ನಿಂತ ಕೆರೆ ಇದ್ದರೆ ಅಲ್ಲಿ ಯಾರು ಮೋಟರ್ ಇಟ್ಟರು, ಮೀನಿನ ಟೆಂಡರ್ ಯಾರಿಗಾಯಿತು ಅನ್ನೋ ಕಡೆಗೂ ಒಂದು ಕಣ್ಣಿರಲಿ.

ಡೈರಿಯಂಥ ಎಲ್ಲರೂ ಸೇರುವ ಜಾಗ ನೋಡಿ ಅಂತ ಸುಮ್ನೆ ಹೇಳುತ್ತಿಲ್ಲ. ಕೀನ್ಯಾದ ವಜೀರ್ ಎಂಬಲ್ಲಿ 1990ರ ದಶಕದ ಮೊದಲಲ್ಲಿ ಕುಲ ಕುಲಗಳ ನಡುವೆ ಕೊಲೆಗಳು ನಡೆಯುತ್ತಿದ್ದವು. ಸಂತೆಯಲ್ಲಿ ಒಂದು ಕುಲದವರು ಇನ್ನೊಂದು ಕುಲದವರ ಜೊತೆ ವ್ಯಾಪಾರ ಬಿಟ್ಟರು. ಆಗ ಬೇರೆ ಬೇರೆ ಕುಲದ ಕೆಲವು ಹೆಂಗಸರು ಸೇರಿ ಸಂತೆಯನ್ನೇ ಕಾಯತೊಡಗಿದರು. ಯಾವ ಕುಲದವಳಾದರೂ ಅಲ್ಲಿ ಮಾರಬೇಕು, ಕೊಳ್ಳಬೇಕು, ತಡೆದರೆ ಅವರು ಹೋಗಿ ಮಾತಾಡುತ್ತಿದ್ದರು. ಆಮೇಲೆ ಹಿರಿಯರು, ಯುವಕರು, ಅಧಿಕಾರಿಗಳು ಜೊತೆಯಾಗಿ ಅದೊಂದು ಶಾಂತಿ ಸಮಿತಿಯೇ ಆಯಿತು. ಅವರಲ್ಲಿ ಒಬ್ಬರಾಗಿದ್ದ ಡೆಖಾ ಇಬ್ರಾಹಿಂ ಅಬ್ದಿಯವರಿಗೆ 2007ರಲ್ಲಿ ‘ಪರ್ಯಾಯ ನೊಬೆಲ್’ ಅಂತ ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು.

ಕೀನ್ಯಾ ಇರುವ ಪೂರ್ವ ಆಫ್ರಿಕಾ ಭಾಗದ ಸರ್ಕಾರಗಳು 2002ರಲ್ಲಿ ಒಪ್ಪಂದ ಮಾಡಿಕೊಂಡು ‘ಸೆವಾರ್ನ್’ ಅಂತ ದೊಡ್ಡ ಮುನ್ನೆಚ್ಚರಿಕೆ ವ್ಯವಸ್ಥೆ ಕಟ್ಟಿದವು. ಗಡಿಗಳಲ್ಲಿ ನಡೆಯುವ ದನಗಳ ಲೂಟಿ, ಅದರಿಂದ ಆಗುವ ಕೊಲೆ ತಡೆಯುವುದು ಮುಖ್ಯ ಉದ್ದೇಶ. ಊರಲ್ಲಿದ್ದವರು ವರದಿ ಕಳಿಸುತ್ತಿದ್ದರು. ಅದರ ಮೇಲೆ ಬಂದ ದೊಡ್ಡ ದೂರು ಒಂದೇ: ವರದಿ ಬೇಗ ಹೋಗುತ್ತೆ, ಸಹಾಯ ತಡವಾಗಿ ಬರುತ್ತೆ. ಹಾಗಾಗಿ ಸುಳಿವಿನ ಪಟ್ಟಿ ಮಾಡುವ ಮುಂಚೆ ‘ಯಾರು ಹೋಗೋದು’ ಅನ್ನೋದನ್ನು ತೀರ್ಮಾನ ಮಾಡಿ. ಸಣ್ಣ ವಿಷಯವಾದರೆ ಎರಡೂ ಕಡೆಯ ಒಬ್ಬೊಬ್ಬರು ಜೊತೆಯಾಗಿ, ಅವತ್ತೇ ಆ ಮನೆಗೆ ಹೋಗಲಿ. ನಿಮ್ಮ ಫ್ಲೆಕ್ಸ್ ವಿಷಯದಲ್ಲಿ ಹೀಗೆ ಇನ್ನೂ ಯಾರೂ ಹೋಗಿಲ್ಲದಿದ್ದರೆ ನಾಳೆಯೇ ಹೋಗಿ. ಕಲ್ಲು ಕೂಡಿಡುತ್ತಿದ್ದಾರೆ, ಹೊರಗಿಂದ ಹುಡುಗರು ಬರುತ್ತಿದ್ದಾರೆ ಅಂದರೆ ಮಾತುಕತೆ ಅಂತ ಕಾಯಬೇಡಿ. 112ಕ್ಕೆ ಕರೆ, ಬೀಟ್ ಪೊಲೀಸರಿಗೆ ಕರೆ, ತಹಶೀಲ್ದಾರರಿಗೆ ಲಿಖಿತ ಅರ್ಜಿ.

‘ಏನಾದ್ರೂ ಆದ್ರೆ ಬನ್ನಿ’ ಅನ್ನೋ ಮಾತಿಗೂ ಉತ್ತರ ಇದೆ. ಶಾಂತಿ ಕದಡುವ ಸಾಧ್ಯತೆ ಇದೆ ಅಂತ ಮಾಹಿತಿ ಬಂದರೆ ‘ಗಲಾಟೆ ಮಾಡಲ್ಲ’ ಅಂತ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ತಹಶೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಇದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು 107ನೇ ಸೆಕ್ಷನ್, ಈಗ 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಸೆಕ್ಷನ್. ಮುಚ್ಚಳಿಕೆ ಒಂದು ವರ್ಷದವರೆಗೂ ಇರಬಹುದು. ಜಮೀನು ಅಥವಾ ನೀರಿನ ಜಗಳವಾದರೆ ಅದೇ ಸಂಹಿತೆಯ 164ನೇ ಸೆಕ್ಷನ್. ಅರ್ಜಿಯಲ್ಲಿ ಸೆಕ್ಷನ್ ಹಾಕಿ, ಸ್ವೀಕೃತಿ ತಗೊಳ್ಳಿ. ಆಮೇಲೆ ಮಾತಿನ ಧಾಟಿಯೇ ಬೇರೆಯಾಗುತ್ತೆ ನೋಡಿ.

ಹಬ್ಬದ ಹಿಂದಿನ ದಿನ ನಡೆಯುವ ಶಾಂತಿ ಸಭೆಗಳ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ. ನಾಲ್ಕು ಮುಖಂಡರು ಕಾಫಿ ಕುಡಿದು ಸಹಿ ಹಾಕಿ ಎದ್ದು ಹೋಗುತ್ತಾರೆ. 1970 ಮತ್ತು 1984ರಲ್ಲಿ ಕೋಮುಗಲಭೆ ಕಂಡ ಮಹಾರಾಷ್ಟ್ರದ ಭಿವಂಡಿಯಲ್ಲಿ 1988ರಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಧರ್ಮದ ಸಾಮಾನ್ಯ ಜನ, ಪೊಲೀಸರು ಹಬ್ಬ ಇರಲಿ ಬಿಡಲಿ ಒಟ್ಟಿಗೆ ಕೂರುತ್ತಿದ್ದರು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ನಿಮಗೆ ಎರಡು ತಿಂಗಳಿದೆ. ಮೆರವಣಿಗೆಯ ದಾರಿ, ಯಾವ ಬೀದಿಗೆ ಎಷ್ಟು ಹೊತ್ತಿಗೆ, ಡಿಜೆ ಎಲ್ಲಿ ನಿಲ್ಲಿಸಬೇಕು, ಎಲ್ಲವನ್ನೂ ಈಗಲೇ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ.

ಪ್ರಶ್ನೆ: ಶ್ರೀನಿವಾಸಪುರ ಕಡೆಯ ಯುವಕ ಸಂಘದವರು ನಾವು. ಇದಕ್ಕೆಲ್ಲ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಸಾಕಲ್ವಾ?

ಉತ್ತರ: ಸಾಲದು. ನೂರು ಜನರ ಗ್ರೂಪಿಗೆ ‘ಆ ಬೀದಿಯಲ್ಲಿ ಗಲಾಟೆ’ ಅಂತ ಹಾಕಿದರೆ ಐವತ್ತು ಜನ ಗಾಡಿ ಹತ್ತಿ ಅಲ್ಲಿಗೇ ಹೋಗುತ್ತಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಕಾರಿನಲ್ಲಿ ಹೋಗುತ್ತಿದ್ದವರು ಮಕ್ಕಳ ಕಳ್ಳರೆಂಬ ಸುಳ್ಳು ವಾಟ್ಸ್‌ಆ್ಯಪಿನಲ್ಲಿ ಅವರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಗೆ ಹೋಗಿತ್ತು. ಜನ ಸೇರಿ ಹೊಡೆದು ಹೈದರಾಬಾದಿನ ಯುವಕನೊಬ್ಬನ ಜೀವ ಹೋಯಿತು. ವಾಟ್ಸ್‌ಆ್ಯಪಿನವರು ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗಳಿಗೆ ಇಳಿಸುವುದಾಗಿ ಹೇಳಿದ್ದು ಅದೇ ತಿಂಗಳು. ನಿಮ್ಮಲ್ಲಿ ಒಬ್ಬರನ್ನು, ಅವರಿಲ್ಲದಾಗ ಇನ್ನೊಬ್ಬರನ್ನು ಆರಿಸಿ. ಯಾರಿಗೆ ಏನು ಕಂಡರೂ ಅವರಿಗೆ ನೇರ ಫೋನ್ ಮಾಡಲಿ. ಅವರು ಆ ಜಾಗದಲ್ಲೇ ಇರುವ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಲಿ. ಗ್ರೂಪ್ ಇಟ್ಟುಕೊಳ್ಳಿ, ಆದರೆ ‘ವಿಚಾರಿಸಿದೆವು, ಅದು ಸುಳ್ಳು’ ಅಂತ ಹಾಕಲು ಇಟ್ಟುಕೊಳ್ಳಿ.

ಪ್ರಶ್ನೆ: ಮಾಲೂರು ತಾಲ್ಲೂಕಿನ ನಿವೃತ್ತ ಶಿಕ್ಷಕ. ನಾವು ನಾಲ್ಕು ಜನ ಹೀಗೆ ಬರೆದಿಡಲು ಶುರು ಮಾಡಿದ್ದಕ್ಕೆ ‘ಮೇಷ್ಟ್ರು ಚಾಡಿ ಹೇಳ್ತಾರೆ’ ಅಂತಿದ್ದಾರೆ. ಊರ ಮಾತು ಊರಲ್ಲೇ ರಾಜಿ ಆಗಬೇಕು ಅಂತಾರೆ ಹಿರಿಯರು. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಚಾಡಿ ಅನ್ನೋ ಮಾತನ್ನು ತಳ್ಳಿಹಾಕಬೇಡಿ. ಅದರಲ್ಲಿ ಅರ್ಥ ಇದೆ. ಒಂದು ಕೇರಿಯವರನ್ನು ಇನ್ನೊಂದು ಕೇರಿಯವರು ಕಾಯುವ ಹಾಗಾದರೆ ಜಗಳಕ್ಕೆ ನಿಮ್ಮ ಪುಸ್ತಕವೇ ಕಾರಣವಾಗುತ್ತದೆ. ಆದ್ದರಿಂದ ಹೆಸರು ಬರೆಯಬೇಡಿ, ಏನಾಯಿತು ಅನ್ನೋದನ್ನು ಬರೆಯಿರಿ. ‘ಇಂಥವನ ಮಗ ಪುಂಡ’ ಅಂತ ಬೇಡ, ‘ಕೊಳಾಯಿ ಹತ್ತಿರ ಕೊಡ ಒದ್ದರು’ ಅಂತಿರಲಿ. ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಿ. ಮುಚ್ಚಿಟ್ಟಷ್ಟೂ ಅನುಮಾನ ಜಾಸ್ತಿ.

ರಾಜಿ ಮಾತಿಗೆ ಬಂದರೆ, ಗದ್ದೆ ಬದು, ಕೋಳಿ ಕಳವು, ಕುಡಿದು ಆಡಿದ ಮಾತು, ಇವನ್ನು ಕಟ್ಟೆಯ ಮೇಲೆ ಮುಗಿಸಿ, ಒಳ್ಳೆಯದೇ. ಅಸ್ಪೃಶ್ಯತೆ, ಬಹಿಷ್ಕಾರ, ದೌರ್ಜನ್ಯ ಹಾಗಲ್ಲ. ನಿಮ್ಮ ತಾಲ್ಲೂಕಿನ ಉಳ್ಳೇರಹಳ್ಳಿಯದೇ ನೆನಪಿರಬಹುದು. 2022ರ ಸೆಪ್ಟೆಂಬರಿನಲ್ಲಿ ದೇವರ ಉತ್ಸವದ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಹುಡುಗನ ಮನೆಯವರಿಗೆ ಊರವರು 60,000 ರೂಪಾಯಿ ದಂಡ ಹಾಕಿದ್ದರು. ಅದೂ ಊರಲ್ಲೇ ಆದ ತೀರ್ಮಾನವೇ. ನೊಂದವರ ಬಾಯಿ ಮುಚ್ಚಿಸಿದ್ದಕ್ಕೆ ರಾಜಿ ಅಂತ ಹೆಸರಿಡುವ ಹಿರಿಯರ ಮಾತು ಕೇಳಬೇಕಿಲ್ಲ.

ಇಂಥ ಸುಳಿವು ಸಿಕ್ಕಾಗ ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೆ ಫೋನ್ ಮಾಡಿ, ಉಚಿತ. 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮುಂಚಿತವಾಗಿ ಕ್ರಮ ತಗೊಳ್ಳುವ ಅಧಿಕಾರ ಜಿಲ್ಲಾಡಳಿತಕ್ಕೂ ಪೊಲೀಸರಿಗೂ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಸಭೆಗೆ ಹದಿನೈದು ದಿನ ಮುಂಚೆ ನಿಮ್ಮ ಪುಸ್ತಕದ ಪುಟಗಳ ಜೆರಾಕ್ಸ್ ಇಟ್ಟು, ನಮ್ಮೂರಿನ ವಿಷಯ ಚರ್ಚೆಗೆ ತಗೊಳ್ಳಿ ಅಂತ ಅರ್ಜಿ ಕೊಡಿ. ಅರ್ಜಿಗೆ ನೀವೊಬ್ಬರೇ ಸಹಿ ಹಾಕಬೇಡಿ, ಎಲ್ಲ ಕೇರಿಯವರದೂ ಹಾಕಿಸಿ.