ಹೋರಿ ವೀರ್ಯಾಣುವಿನ ಬಾಲ: ಒಂದು ಚಿತ್ರದಲ್ಲಿ 9 ಕಪ್ಪು ಚುಕ್ಕೆ, ಇನ್ನೊಂದರಲ್ಲಿ 7 ಯಾಕೆ?

ನಿಮ್ಮ ಎಣಿಕೆ ತಪ್ಪಿಲ್ಲ. ಬಹುಶಃ ಆ ಎರಡು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳು ಬಾಲದ ಬೇರೆ ಬೇರೆ ಜಾಗದ ಅಡ್ಡಸೀಳುಗಳು. ದಪ್ಪ ಚುಕ್ಕೆಗಳು ಟ್ಯುಬುಲಿನ್ ಎಂಬ ಪ್ರೋಟೀನ್‌ನ ಕೊಳವೆಗಳಲ್ಲ, ಔಟರ್ ಡೆನ್ಸ್ ಫೈಬರ್‌ಗಳು, ಅಂದರೆ ಹೊರಗಿನ ದಟ್ಟ ನಾರುಗಳು. ಬಾಲದೊಳಗೆ ವೃತ್ತವಾಗಿರುವ 9 ಜೋಡಿ ಕೊಳವೆಗಳಲ್ಲಿ ಒಂದೊಂದು ಜೋಡಿಯ ಹೊರಗೆ ಒಂದೊಂದು ಫೈಬರ್ ಇರುತ್ತದೆ.

ಮೊದಲು ಹೊರ ಅಂಚು ನೋಡಿ. ಮೈಟೊಕಾಂಡ್ರಿಯಾ (ಶಕ್ತಿ ತಯಾರಿಸುವ ಭಾಗಗಳು) ಸುತ್ತಿಕೊಂಡಿದ್ದರೆ ಅದು ಮಿಡ್‌ಪೀಸ್, ಅಂದರೆ ತಲೆಯ ಕಡೆಯ ಭಾಗ, ಅಲ್ಲಿ 9 ಸರಿ. ಫೈಬ್ರಸ್ ಶೀತ್ (ನಾರಿನ ಹೊದಿಕೆ) ಕಂಡರೆ ಅದರ ನಂತರದ ಉದ್ದ ಭಾಗ, ಪ್ರಿನ್ಸಿಪಲ್ ಪೀಸ್. ಅಲ್ಲಿ, ವೃತ್ತದಲ್ಲಿ 1ರಿಂದ 9ರವರೆಗೆ ಸಂಖ್ಯೆ ಕೊಟ್ಟ ಫೈಬರ್‌ಗಳಲ್ಲಿ, 3 ಮತ್ತು 8ನೇ ಫೈಬರ್ ಬೇಗ ಮುಗಿದು, ಶೀತ್‌ನ ಎರಡು ಉದ್ದ ಕಂಬಗಳು ಆ ಜಾಗ ಹಿಡಿಯುತ್ತವೆ. ಅದಕ್ಕೇ 7.

ಆಮೇಲೆ ನಡುವಿನ 2 ಒಂಟಿ ಕೊಳವೆ ಸೇರಿಸಿ ಗೆರೆ ಎಳೆಯಿರಿ. ಖಾಲಿ ಜಾಗಗಳು ಹೆಚ್ಚುಕಮ್ಮಿ ಆ ಗೆರೆಯ ಎರಡು ತುದಿಯಲ್ಲೇ ಸಿಗಬೇಕು. ಚಿತ್ರ ನೋಡದೆ ಇಷ್ಟೇ ಹೇಳಬಲ್ಲೆ. ಕೊಳವೆಗಳು ದುಂಡಗಿಲ್ಲದಿದ್ದರೆ ಸೀಳು ಓರೆಯಾಗಿದೆ, ಸುಮ್ನೆ ಎಣಿಸಬೇಡಿ.